ನೀರು ಬೆಚ್ಚಗಿತ್ತಾ

ದಂಡಿನಶಿವರದ ಭಾನುಪ್ರಿಯಾಳಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಒಂದು ಭಾನುವಾರ ಮಧ್ಯಾಹ್ನ, ಮನೆಯ ಅಟ್ಟದ ಮೇಲೆ, ಒಣಗಲು ಹಾಕಿದ ತೆಂಗಿನಕಾಯಿ ರಾಶಿಯ ನಡುವೆ. ಅದಕ್ಕೆ ಮುಂಚೆ ಅವಳಿಗೆ ಹೊಟ್ಟೆಕಿಚ್ಚೇ ಇರಲಿಲ್ಲ ಅಂತಲ್ಲ. ಪಕ್ಕದ ಮನೆಗೆ ಹೊಸ ಫ್ರಿಜ್ಜು ಬಂದರೆ, ವಾರಗೆಯವಳು ಜುಮುಕಿ ಮಾಡಿಸಿಕೊಂಡರೆ, ಲೋಕದಲ್ಲಿ ಎಲ್ಲರಿಗೂ ಆಗುವಷ್ಟು ಅವಳಿಗೂ ಆಗುತ್ತಿತ್ತು. ಅದು ಸಂಜೆ ದೀಪ ಹಚ್ಚುವ ಹೊತ್ತಿಗೆ ತಣ್ಣಗಾಗುತ್ತಿತ್ತು. ಇದು ಆ ಜಾತಿಯದಲ್ಲ.

ಅವತ್ತು ಅವಳು ಇಲಿ ಕಡಿದ ಕಾಯಿಗಳನ್ನು ಬೇರೆ ಮಾಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಳು. ಮಡಿಲಲ್ಲಿದ್ದ ಫೋನು ಟಿಣ್ ಅಂದಿತು. ಗಂಡ ಗಂಗಾಧರ ಫೋಟೊ ಕಳಿಸಿದ್ದ.

ಗಂಗಾಧರ ಜನರೇಟರ್ ಮೆಕ್ಯಾನಿಕ್ಕು. ತುರುವೇಕೆರೆಯ ಮೋಟಾರು ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವನು, ಯಾರೋ ಪರಿಚಯದವರ ಮೂಲಕ ಕಾಂಟ್ರಾಕ್ಟ್ ಸಿಕ್ಕಿ, ಭೂಮಿಯ ತಳದಲ್ಲಿರುವ ಅಂಟಾರ್ಕ್ಟಿಕಾಕ್ಕೆ ಹೋಗಿದ್ದ. ಅಲ್ಲಿ ವಿಜ್ಞಾನಿಗಳು ಇರುವ ಠಾಣೆಗೆ ಕರೆಂಟು ಕೊಡುವ ಜನರೇಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಎಲ್ಲಿ ನೋಡಿದರೂ ಮಂಜುಗಡ್ಡೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ. ಅವನ ತಾಯಿ ಕಲ್ಲಮ್ಮ ಅದನ್ನು 'ಐಸಿನ ಊರು' ಅನ್ನುತ್ತಿದ್ದಳು. ಮದುವೆಯಾಗಿ ಮೂರು ವರ್ಷ. ಅದರಲ್ಲಿ ಒಂದೂಕಾಲು ವರ್ಷ ಆ ಐಸಿನ ಊರಿನ ಪಾಲಾಗಿತ್ತು.

ಅವನು ಹೊರಟ ದಿನ ಭಾನುಪ್ರಿಯಾ ತಮ್ಮ ತೋಟದ್ದೇ ಒಂದು ಕಾಯಿಯನ್ನು ಜುಟ್ಟು ಬಿಟ್ಟು ಸುಲಿದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ದೇವರ ಗೂಡಿನ ಮೇಲಿನ ತೊಲೆಗೆ ನೇತುಹಾಕಿದ್ದಳು. ಕ್ಷೇಮವಾಗಿ ತಿರುಗಿ ಬಂದರೆ ಇಬ್ಬರೂ ಸೇರಿ ಒಡೆಯುತ್ತೇವೆ ಅಂತ ಮನೆದೇವರಿಗೆ ಹರಕೆ. ದಿನಾ ಅದಕ್ಕೆ ಕೈಮುಗಿದೇ ಹಾಲು ಕರೆಯಲು ಹೋಗುತ್ತಿದ್ದಳು.

ಕೆಲಸ ಮುಗಿಯಿತು, ಹಡಗು ಹತ್ತಿದೆ ಅಂತ ಅವನು ಹೇಳಿದ ಮೇಲೆ ಭಾನುಪ್ರಿಯಾ ನೆಲದ ಮೇಲೆ ನಿಂತವಳಲ್ಲ. ಗೋಡೆಗೆ ಸುಣ್ಣ ಬಳಿದಳು, ಕಂಬಳಿ ಒಗೆದಳು, ಹಿತ್ತಲಲ್ಲಿ ಅವನಿಗಿಷ್ಟದ ಅವರೆ ಚಪ್ಪರವನ್ನು ಎರಡು ಕೊಯ್ಲು ಕೀಳದೆ ಉಳಿಸಿದಳು. ಆಮೇಲೆ ಬಂದಿತು ಈ ಫೋಟೊ. ನೀಲಿ ಸಮುದ್ರ, ಬಿಳಿ ಮರಳು, ಚಡ್ಡಿಯಲ್ಲಿ ನಿಂತು ಹಲ್ಲು ಕಿರಿಯುತ್ತಿರುವ ಗಂಡ. ಕೆಳಗೆ ಬರೆದಿದ್ದ: "ಮಾರಿಷಸ್. ಜೊತೇಲಿದ್ದೋರೆಲ್ಲ ಹೊಂಟ್ರು, ನಾನೂ ಬಂದೆ. ಒಂದ್ವಾರ ಅಷ್ಟೇ."

ಹಿಂದೆಯೇ ಒಂದು ವಿಡಿಯೋ. ಮರಳಲ್ಲಿ ನೆಟ್ಟ ಹಾರೆಗೆ ಕಾಯಿ ಕುಕ್ಕಿ, ಮೂರೇ ಏಟಿಗೆ ಸಿಪ್ಪೆ ಸೀಳಿ, ಅಗಲ ಟೋಪಿಯ ಹೆಂಗಸೊಬ್ಬಳ ಕೈಗೆ ಕೊಡುತ್ತಿದ್ದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಒಂದು ಕಾಯಿ ಸುಲಿದ ಪುಣ್ಯಾತ್ಮನಲ್ಲ! ಸಾರಿಗೆ ಬೇಕೆಂದರೂ ಹಾರೆಯ ಮುಂದೆ ನಿಲ್ಲುತ್ತಿದ್ದವಳು ಅವಳೇ. ಊರಿಗೆ ಉಪಕಾರಿ, ಮನೆಗೆ ಮಾರಿ. ಭಾನುಪ್ರಿಯಾ ಅಟ್ಟದಿಂದ ಇಳಿದ ರಭಸಕ್ಕೆ ಏಣಿ ಕಿರುಗುಟ್ಟಿತು.

ಕಲ್ಲಮ್ಮ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಅಲ್ಲೂ ತೆಂಗಿನ್ಮರಾನೇ? ತೆಂಗಿನ್ಮರದ ಕೆಳಗೆ ಕೂರಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಇವ್ನು? ನಮ್ ತೋಟಕ್ಕೇನು ಬಂದಿತ್ತು ಕೇಡು?"

"ಕೇಳಿ ನಿಮ್ಮ ಮಗನ್ನ," ಅಂದಳು ಭಾನುಪ್ರಿಯಾ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ, ಅವತ್ತು ಗಂಡನ ಮೇಲಿನ ಕೋಪ ಹಸುವಿನ ಮೇಲೆ ತಿರುಗಿ ಅದು ಹಾಲನ್ನೇ ಇಳಿಸಲಿಲ್ಲ.

ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಎರಡು ಬೆರಳಲ್ಲಿ ಹಿಗ್ಗಿಸಿ ಟೋಪಿಯವಳ ಉಗುರು ನೋಡಿದಳು, ಬಳೆ ನೋಡಿದಳು. ಮುಖ ಮಾತ್ರ ಟೋಪಿಯ ನೆರಳಲ್ಲಿ ಕಾಣಲೊಲ್ಲದು. ನೋಡುತ್ತಾ ನೋಡುತ್ತಾ ಒಂದು ಸಲ, ಟೋಪಿಯವಳನ್ನು ತಾನು ನೋಡುತ್ತಲೇ ಇಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು. ಕಣ್ಣು ಹಿಂದಿನ ನೀರಿನ ಮೇಲಿತ್ತು. ಅಲೆ ಬಂದು ಗಂಗಾಧರನ ಪಾದ ಮುಚ್ಚುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಅವನು ಅತ್ತ ತಿರುಗಿಯೂ ನೋಡಿರಲಿಲ್ಲ.

ಭಾನುಪ್ರಿಯಾ ಹುಟ್ಟಿದ್ದು ಹಾಲ್ಕುರಿಕೆ, ಕೊಟ್ಟಿದ್ದು ದಂಡಿನಶಿವರ. ಸಮುದ್ರವನ್ನು ಅವಳು ಕಂಡಿದ್ದೇ ಇಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದುದು ಯಾವ ಹೆಂಗಸಿನ ಮೇಲೂ ಅಲ್ಲ, ಗಂಡನ ಮೇಲೆಯೇ. ಅವನಿಗೆ ಮೈ ಕೊರೆಯುವ ಚಳಿಯೂ ಸಿಕ್ಕಿತು, ಬೆಚ್ಚಗಿನ ದ್ವೀಪವೂ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಅಟ್ಟ, ಕೊಟ್ಟಿಗೆ ಮತ್ತು ಹರಕೆಯ ಕಾಯಿ. ಈ ಉರಿ ದೀಪ ಹಚ್ಚುವ ಹೊತ್ತಿಗೂ ಆರಲಿಲ್ಲ.

ಮಾರನೇ ದಿನ ಸ್ತ್ರೀಶಕ್ತಿ ಸಂಘದ ಪುಟ್ಟಗಂಗಮ್ಮ ಮನೆಗೆ ಬಂದಳು. ವರ್ಷಕ್ಕೊಮ್ಮೆ ಸಂಘದ ಹೆಂಗಸರು ಮಿನಿಬಸ್ಸು ಮಾಡಿಕೊಂಡು ಪ್ರವಾಸ ಹೋಗುತ್ತಿದ್ದರು. ಈ ಸಲ ಧರ್ಮಸ್ಥಳ, ಉಡುಪಿ, ಮಲ್ಪೆ. "ಮಲ್ಪೆಯಿಂದ ದೋಣೀಲಿ ಒಂದು ದ್ವೀಪಕ್ಕೂ ಕರ್ಕಂಡ್ ಹೋಯ್ತಾರಂತೆ. ನೀನಂತೂ ಬರಲ್ಲ ಬುಡು, ಅಟ್ಟ ಯಾರು ನೋಡ್ಕತಾರೆ ಅಂತೀಯ."

"ನನ್ನ ಹೆಸರು ಬರ್ಕಳಿ."

ಪುಟ್ಟಗಂಗಮ್ಮ ಹುಬ್ಬೇರಿಸಿದಳು. "ಬರೋ ಸೋಮವಾರ ಬೆಳಗಾಗೆ ಬಸ್ಸು. ನಿಮ್ಮೆಜಮಾನ್ರು ಬರೋದು ಯಾವತ್ತು?"

"ಭಾನುವಾರ."

"ಅಯ್ಯೋ, ಮತ್ತೆ?"

"ಬರ್ಕಳಿ ಅಂದ್ನಲ್ಲ ಅಕ್ಕ."

ಬರೆಸಿದ್ದೇನೋ ಬರೆಸಿದಳು. ಆ ವಾರವೆಲ್ಲ ಅದೇ ಯೋಚನೆ. ವರ್ಷದ ಮೇಲೆ ಬಂದ ಗಂಡನನ್ನು ಬಿಟ್ಟು ಮರುದಿನವೇ ಬಸ್ಸು ಹತ್ತಿದರೆ ಊರು ಸುಮ್ಮನಿರುತ್ತದೆಯೇ? ಕಲ್ಲಮ್ಮ ಸುದ್ದಿ ಕೇಳಿ ತಟ್ಟೆ ಕುಕ್ಕಿದಳು. ಭಾನುಪ್ರಿಯಾ ಚೀಲಕ್ಕೆ ಎರಡು ಸೀರೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು.

ಭಾನುವಾರ ಮಧ್ಯಾಹ್ನ ಗಂಗಾಧರ ಬಂದ. ಮೂಗಿನ ತುದಿಯ ಚರ್ಮ ಬಿಸಿಲಿಗೆ ಸುಲಿದಿತ್ತು, ಗಡ್ಡ ಬೆಳೆದಿತ್ತು. ಕಲ್ಲಮ್ಮ ಮಗನ ಕೆನ್ನೆ ಸವರಿ ಅತ್ತಳು. ಅವನನ್ನು ಕಂಡ ಕೂಡಲೇ ಭಾನುಪ್ರಿಯಾಳಿಗೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಬೇಕು ಅನ್ನಿಸಿತು. ಹೋಗಿ ಮುದ್ದೆ ತೊಳಸಿದಳು.

ಅವರೆಕಾಳಿನ ಸಾರಲ್ಲಿ ಮುದ್ದೆ ಅದ್ದಿ ನುಂಗುತ್ತಾ ಗಂಗಾಧರ ಹೆಂಡತಿಯ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಕೇಳದೆಯೇ ಶುರು ಮಾಡಿದ. "ಆ ಟೋಪಿಯವ್ರು ನಮ್ ಠಾಣೆ ಡಾಕ್ಟರು ಕಣೇ. ಐವತ್ತೈದು ವರ್ಷ ಅವ್ರಿಗೆ. ನಂಗೆ ಹಲ್ಲುನೋವು ಬಂದಾಗ ಹಲ್ಲು ಕಿತ್ತವ್ರೂ ಅವ್ರೇ. ಮಗನ ಮದುವೆ ಬೇರೆ ಮುಂದಿನ ತಿಂಗಳು..."

"ನಾನು ಅವ್ರನ್ನ ಕೇಳಿದ್ನಾ?"

"ಮತ್ತೆ ಯಾಕಿಂಗೆ ಮುಖ ಊದಿಸ್ಕಂಡಿದ್ದೀಯ? ಏನ್ ಕೇಳ್ಬೇಕು ಕೇಳು."

"ನೀರು ಬೆಚ್ಚಗಿತ್ತಾ?"

ಗಂಗಾಧರ ಎಲ್ಲ ಪ್ರಶ್ನೆಗೂ ಉತ್ತರ ಹೊಂದಿಸಿಕೊಂಡು ಬಂದಿದ್ದ, ಇದೊಂದರ ಹೊರತು.

"ಬೆಚ್ಚಗಿತ್ತು," ಅಂದ.

"ಊಟ ಆದ್ಮೇಲೆ ಹರಕೆ ಕಾಯಿ ಒಡೆದ್ಬುಡಣ. ನಾಳೆ ಬೆಳಗಾಗೆ ನಂಗೆ ಬಸ್ಸೈತೆ."

"ಯಾವ ಬಸ್ಸು?"

ಉತ್ತರ ಕಲ್ಲಮ್ಮನಿಂದ ಬಂತು, ನಾಲ್ಕು ಬೈಗುಳದ ಸಮೇತ. ಗಂಗಾಧರ ಕೈತೊಳೆದು ಬಂದು ತೊಲೆಯಿಂದ ಗಂಟು ಬಿಚ್ಚಿದ. ಅಭ್ಯಾಸದಂತೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಗಡಗಡ ಸದ್ದಾಯಿತು. ಕಲ್ಲಿಗೆ ಕುಕ್ಕಿದಾಗ ಒಂದು ಹನಿ ನೀರೂ ಬೀಳಲಿಲ್ಲ. ಚಿಪ್ಪು ಎರಡಾಗಿ ಉಂಡೆ ಕೊಬ್ಬರಿ ಉರುಳಿಕೊಂಡು ಬಂತು.

"ನೀರೇ ಇಲ್ವಲ್ಲೇ."

"ಒಂದೂಕಾಲು ವರ್ಷ ನೇತಾಕಿದ್ರೆ ಎಲ್ಲಿರ್ತದೆ?" ಅಂದಳು.

ಅವನು ಕೊಬ್ಬರಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ನಿಂತ. "ಕತ್ತಲಲ್ಲಿ ದಿನಾ ನಿನ್ನ ಮುಖ ನೆನಸ್ಕಂಡೇ ಕೆಲಸ ಮಾಡ್ತಿದ್ದೆ ಭಾನು. ಸುಳ್ಳಲ್ಲ."

"ಆ ಮುಖ ಇಲ್ಲೇ ಇತ್ತಲ್ರೀ. ಆ ಒಂದು ವಾರ ಯಾಕೆ ನೆನಪಾಗ್ಲಿಲ್ಲ?"

"ನೆನಪಿತ್ತು. ಆದ್ರೆ ಆಸೆ ಆಯ್ತು. ಬಿಸಿಲು, ನೀರು, ಹಸುರು ನೋಡಿ ಎಷ್ಟು ಕಾಲ ಆಗಿತ್ತು. ಹೋಗ್ಬೇಕು ಅನ್ಸ್ತು, ಹೋದೆ."

ಅವನು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ತಾನಾಗಿದ್ದರೂ ಹೋಗುತ್ತಿದ್ದೆ ಅನ್ನುವುದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. "ನಂಗೂ ಹೋಗ್ಬೇಕು ಅನ್ಸ್ತದೆ. ಹೋಯ್ತೀನಿ," ಅಂದಳು.

"ಮುಂದಿನ ವರ್ಷ ನಾನೇ ಕರ್ಕಂಡ್ ಹೋಯ್ತೀನಿ ಕಣೇ. ಈಗ ತಾನೇ ಬಂದಿದ್ದೀನಿ, ನಾಲ್ಕು ದಿನ ಮನೇಲಿರು."

ಆ ಮಾತಿಗೆ ಅವಳು ಕರಗಿಯೇ ಹೋಗುತ್ತಿದ್ದಳು. ಅಷ್ಟರಲ್ಲಿ ಅವನು, ಸಹಜವಾಗಿ, ಕೆಟ್ಟದ್ದೇನೂ ಮನಸ್ಸಲ್ಲಿಲ್ಲದೆ, ಮುಂದುವರಿಸಿದ: "ಅಲ್ಲದೆ ಅಟ್ಟ ಯಾರು ನೋಡ್ಕತಾರೆ?"

"ನೀವು," ಅಂದಳು ಭಾನುಪ್ರಿಯಾ.

ಸೋಮವಾರ ಬೆಳಗ್ಗೆ ಹಿತ್ತಲಿನಿಂದ ಕಚಕ್ ಕಚಕ್ ಸದ್ದು ಕೇಳಿ ಅವಳು ಇಣುಕಿದಳು. ಗಂಗಾಧರ ಮನೆಯ ಹಾರೆಗೆ ಕಾಯಿ ಕುಕ್ಕುತ್ತಿದ್ದ. ಜುಟ್ಟು ಬಿಟ್ಟು ಸುಲಿದು ತಂದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಅದೇ ತೊಲೆಗೆ ನೇತುಹಾಕಿದ. ಮುಖವಿನ್ನೂ ಗಂಟಿಕ್ಕಿಕೊಂಡೇ ಇತ್ತು.

"ಇದ್ರ ನೀರು ಆರೋದ್ರೊಳಗೆ ಬಂದ್ಬುಡು."

"ನಾಲ್ಕು ದಿನಕ್ಕೆ ಯಾವ ಕಾಯೂ ಆರಲ್ಲ," ಅಂದಳು. ನಗು ಬಂತು, ನುಂಗಿಕೊಂಡಳು. ಬಸ್ಸಿನ ಹಾರ್ನು ಕೇಳಿದಾಗ ಕಲ್ಲಮ್ಮ ಅಡುಗೆಮನೆಯಿಂದ ಬಂದು, ಬೈಯುತ್ತಲೇ, ಖಾಲಿ ಬಾಟಲಿಯೊಂದನ್ನು ಸೊಸೆಯ ಚೀಲಕ್ಕೆ ತುರುಕಿದಳು. "ಮಂಡಿನೋವು ಇಲ್ದಿದ್ರೆ ನಾನೂ ಹೆಸರು ಕೊಡ್ತಿದ್ದೆ. ಸಮುದ್ರದ ನೀರು ಇದ್ರ ತುಂಬ ತಗಂಬಾ."

ಮಲ್ಪೆಯಿಂದ ದೋಣಿ ಹತ್ತಿದ್ದು ಮೂರನೆಯ ದಿನ. ಆ ದ್ವೀಪದಲ್ಲೂ ತೆಂಗಿನ ಮರಗಳೇ. ಸಂಘದ ಹೆಂಗಸರು ಅವುಗಳ ಗೊನೆ ಎಣಿಸಿ, ನಮ್ಮ ಕಡೆಯಷ್ಟು ಕಾಯಿ ಹಿಡಿದಿಲ್ಲ ಅಂತ ತೀರ್ಪು ಕೊಟ್ಟರು. ಭಾನುಪ್ರಿಯಾ ತಲೆಯೆತ್ತಿಯೂ ನೋಡಲಿಲ್ಲ. ದೋಣಿಯಿಂದ ಇಳಿಯುವಾಗ ಕಪ್ಪು ಕನ್ನಡಕದ ದೋಣಿಯ ಹುಡುಗ ಎಲ್ಲರಿಗೂ ಕೈ ಕೊಟ್ಟಂತೆ ಅವಳಿಗೂ ಕೈ ಕೊಟ್ಟ. ಅದೇ ಗಳಿಗೆಯಲ್ಲಿ ಪುಟ್ಟಗಂಗಮ್ಮ ಫೋಟೊ ಹೊಡೆದಳು. ಮಂಡಿಯವರೆಗೆ ನೀರಲ್ಲಿ ನಿಂತು ಬಾಟಲಿ ತುಂಬಿಕೊಂಡ ಮೇಲೆ ಭಾನುಪ್ರಿಯಾ ಆ ಫೋಟೊವನ್ನು ಗಂಡನಿಗೆ ಕಳಿಸಿದಳು.

ಉತ್ತರ ಬರಲು ಹೊತ್ತಾಗಲಿಲ್ಲ. "ಕೈ ಹಿಡ್ಕಂಡಿರೋನು ಯಾರು?"

ಅವಳ ಕಣ್ಣ ಮುಂದೆ ಬಂತು: ಅಟ್ಟ, ಕಾಯಿರಾಶಿ, ಕುಕ್ಕರಗಾಲಲ್ಲಿ ಕೂತ ಗಂಗಾಧರ, ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುತ್ತಿರುವುದು. ಎಷ್ಟೋ ದಿನದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು.

"ನೀರು ಬೆಚ್ಚಗೈತೆ" ಅಂತಷ್ಟೇ ಬರೆದು, ಫೋನನ್ನು ಪುಟ್ಟಗಂಗಮ್ಮನ ಕೈಗೆ ಕೊಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಮತ್ತೆ ನೀರಿಗಿಳಿದಳು.