ಅನಾಮಿಕರ ಫಾರ್ಮು ನನ್ನ ಬಳಿಯಿತ್ತು

ಮುಂಬಯಿ ಕನ್ನಡಿಗರ ಒಂದು ಬ್ಲಾಗ್ ಬಳಗಕ್ಕೆ ನಾನು ನಾಲ್ಕು ವರ್ಷ ಮಾಡರೇಟರ್ ಆಗಿದ್ದೆ. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಪುಕ್ಕಟೆ. ದಿನವಿಡೀ ಪರೇಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹಳೆಯ ಫೈಲು ಹುಡುಕಿ ಕೊಡುವುದು, ಹೋಗುತ್ತ ಬರುತ್ತ ಲೋಕಲ್ಲಿನಲ್ಲಿ ಜನರ ಬರಹ ಓದಿ 'ಪ್ರಕಟಿಸಿ' ಎಂಬ ಬಟನ್ ಒತ್ತುವುದು. "ಊರ ಉಸಾಬರಿ ನಿನಗ್ಯಾಕ ಬೇಕು?" ಎಂದು ಅವ್ವ ದಿನಾ ಅನ್ನುತ್ತಿದ್ದಳು. ಅವಳ ಮಾತು ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬಳಗದಲ್ಲಿ ಎರಡೇ ಜಾತಿ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದವರು ಹಿರಿಯರು, ಅವರು ಬರೆದದ್ದು ನೇರವಾಗಿ ಪ್ರಕಟವಾಗುತ್ತಿತ್ತು. ಉಳಿದವರದ್ದು ನನ್ನ ಕೈ ದಾಟಿ ಹೋಗಬೇಕು. ನಕ್ಷತ್ರದವರು ಐದಾರು ಜನ. ಅವರಲ್ಲಿ ಒಬ್ಬರು ಕೆಮ್ಮಿದರೂ ಮಿಕ್ಕವರು 'ಅದ್ಭುತ' ಎಂದು ಕಮೆಂಟು ಹಾಕುತ್ತಿದ್ದರು. ಅವರ ಮುಂದಾಳು ಉಡುಪಿ ಕಡೆಯ ಹೋಟೆಲ್ ಮಾಲೀಕರು. ಬಳಗದ ವಾರ್ಷಿಕ ಊಟ ಅವರದ್ದೇ. ಉಂಡ ಮನೆಯವರ ಬರಹದಲ್ಲಿ ತಪ್ಪು ಹುಡುಕುವವರು ಯಾರು? ನಾನೂ ಉಂಡವಳೇ, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡವಳು.

ಹೊಸಬರು ಸೇರುವಾಗ ಒಂದು ಫಾರ್ಮು ತುಂಬಬೇಕಿತ್ತು. ನಿಜವಾದ ಹೆಸರು, ಮೊಬೈಲ್ ನಂಬರು, ಕೆಲಸದ ಜಾಗ. 'ಇದನ್ನು ಮಾಡರೇಟರ್ ಮಾತ್ರ ನೋಡುತ್ತಾರೆ' ಎಂದು ಮೇಲೆ ನಾನೇ ಬರೆದಿದ್ದೆ. ಜನ ಅದರಲ್ಲಿ ಮನಸ್ಸಿಗೆ ಬಂದದ್ದು ತುಂಬುತ್ತಾರೆ. ಒಬ್ಬರು ಮಾತ್ರ ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಬಳಗದಲ್ಲಿ 'ಅನಾಮಿಕ' ಎಂಬ ಹೆಸರಿನಲ್ಲಿ ಬರೆಯುತ್ತೇನೆ ಎಂದವರು, ಫಾರ್ಮಿನಲ್ಲಿ ಮಾತ್ರ ತಾನು ಸಪ್ಲಾಯರ್, ಇಪ್ಪತ್ತೆರಡು ವರ್ಷದಿಂದ ಒಂದೇ ಹೋಟೆಲು, ವಾಸ ಅದೇ ಹೋಟೆಲಿನ ಮಾಳಿಗೆಯ ರೂಮು ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದರು. ಹೋಟೆಲಿನ ಹೆಸರು ಓದಿದೆ. ನಮ್ಮ ಮುಂದಾಳುಗಳದ್ದೇ.

ಅವರ ಬರಹಗಳು ಯಾವಾಗಲೂ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಬರುತ್ತಿದ್ದವು. ಊಟದ ಗಿರಾಕಿ ಮುಗಿದು ಚಹಾದ ಗಿರಾಕಿ ಶುರುವಾಗುವ ಮೊದಲು ಹೋಟೆಲಿನವರಿಗೆ ಸಿಗುವ ಬಿಡುವು ಅದೊಂದೇ. ಎಂಥ ಬರವಣಿಗೆ ಅದು! ಬೆರಳು ನೆಕ್ಕುತ್ತ ಬೈಯುವ ಗಿರಾಕಿ, ಮೊಣಕಾಲಿನ ಊತ, ಒಲೆಯ ಬಿಸಿ ಏರಿಬರುವ ಮಾಳಿಗೆಯಲ್ಲಿ ಹನ್ನೊಂದು ಜನ ಒಂದೇ ಫ್ಯಾನಿನ ಕೆಳಗೆ ಮಲಗುವುದು. ಓದುತ್ತ ನಾನು ಎಷ್ಟೋ ಸಲ ಇಳಿಯುವ ಸ್ಟೇಷನ್ ದಾಟಿ ಹೋಗಿದ್ದೇನೆ. ಒಮ್ಮೆ ಅವರು, ಸಭೆಯಲ್ಲಿ ಶಾಲು ಹೊದೆಸಿಕೊಂಡು ದುಡಿಯುವವರ ಬಗ್ಗೆ ಭಾಷಣ ಮಾಡುವ ಧಣಿಯೊಬ್ಬರ ಕುರಿತು ಬರೆದರು. ಹೆಸರಿಲ್ಲ, ಊರಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ನಮ್ಮ ಮುಂದಾಳುಗಳು. ಅಂದು ಸಂಜೆಯೇ ಫೋನು ಬಂತು.

"ಎಂತ ಮೇಡಂ, ಅನಾಮಿಕ ಅಂತ ಬರೆಯುವ ಆ ಜನ ಯಾರು? ಫಾರ್ಮು ನಿಮ್ಮ ಹತ್ರ ಉಂಟಲ್ಲ?"

"ಅದನ್ನ ಹೇಳೋ ಹಾಗಿಲ್ಲ ಸರ್. ಬಳಗದ ನಿಯಮ."

"ನಿಯಮ ಇರ್ಲಿ. ನಮ್ಮೊಳಗೆ ಎಂತ ನಿಯಮ? ನಿಧಾನಕ್ಕೆ ಯೋಚನೆ ಮಾಡಿ."

ಅವರು ಗದರಲಿಲ್ಲ, ಅದೇ ನನಗೆ ಹೆದರಿಕೆ. ಮರುದಿನ ಮತ್ತೆ ಫೋನು, ಅದರ ಮರುದಿನವೂ. ಮೊಬೈಲು ಗುಂಯ್ ಅಂದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ನಾನು ಬಾಯಿ ಬಿಟ್ಟರೆ ಆ ಮನುಷ್ಯನಿಗೆ ಕೆಲಸವೂ ಇಲ್ಲ, ಮಲಗುವ ಜಾಗವೂ ಇಲ್ಲ. ಐವತ್ತು ದಾಟಿದ, ಮೊಣಕಾಲು ಊದಿದ ಸಪ್ಲಾಯರನ್ನು ಈ ಊರಲ್ಲಿ ಯಾರು ಕರೆದು ಇಟ್ಟುಕೊಳ್ಳುತ್ತಾರೆ? ಬಾಯಿ ಬಿಡಲಿಲ್ಲ. ಅದಕ್ಕೇ ನನ್ನ ಬಗ್ಗೆ ನನಗೇ ಸ್ವಲ್ಪ ಜಂಬವೂ ಬಂತು.

ಆ ಜಂಬವೇ ಕೆಡಿಸಿತು. ಇವರಿಗೂ ಒಂದು ನಕ್ಷತ್ರ ಕೊಡಬೇಕು, ಉಳಿದ ನಕ್ಷತ್ರಗಳು ಉರಿದುಕೊಳ್ಳಲಿ ಅನ್ನಿಸಿತು. ಒಂದು ಬೆಳಿಗ್ಗೆ ಕುರ್ಲಾದಲ್ಲಿ ಲೋಕಲ್ ಹತ್ತಿದವಳು, ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಅನಾಮಿಕರನ್ನು 'ಹಿರಿಯರು' ಪಟ್ಟಿಗೆ ಸೇರಿಸಿದೆ. ಮಾಟುಂಗಾ ದಾಟುವಾಗ ನೆನಪಾಯಿತು. ಹಿರಿಯರ ಫಾರ್ಮು ಗುಟ್ಟಾಗಿ ಉಳಿಯುವುದಿಲ್ಲ. ಸಭೆ ಸಮಾರಂಭಕ್ಕೆ ಕರೆಯುವವರಿಗೆ ಅನುಕೂಲವಾಗಲಿ ಎಂದು ಅವರ ಹೆಸರು, ನಂಬರು, ಕೆಲಸದ ಜಾಗ ಎಲ್ಲವೂ ಬಳಗದವರ ಕಣ್ಣಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಹಾಗೆ ಮಾಡಿಟ್ಟವಳೂ ನಾನೇ.

ವಾಪಸು ತೆಗೆಯಲು ಒತ್ತಿದರೆ ನೆಟ್‌ವರ್ಕ್ ಇಲ್ಲ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ದಾದರಿನಲ್ಲಿ ಹತ್ತಿದ ಹೆಂಗಸರ ನೂಕುನುಗ್ಗಲಿನಲ್ಲಿ ಮೊಬೈಲು ಕೈಜಾರಿತು. "ಅರೇ, ಪೈರ್ ಕೆ ಪಾಸ್ ದೇಖೋ" ಎಂದು ಯಾರೋ ಕಾಲ ಬಳಿ ತೋರಿಸಿ ಬೈದರು. ಅದನ್ನು ಎತ್ತಿಕೊಂಡು ಪರೇಲಿನಲ್ಲಿ ಇಳಿದು, ಸೇತುವೆಯ ಮೆಟ್ಟಿಲ ಮೇಲೆ ನಿಂತು ಕೊನೆಗೂ ತೆಗೆದೆ. ಪುಟದ ಕೆಳಗೆ ಲೆಕ್ಕ ಕಾಣಿಸಿತು. ನೋಡಿದವರು ಇಬ್ಬರು. ಒಬ್ಬಳು ನಾನು.

ಅಂದು ಸಂಜೆ ಧಣಿಗಳ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಫೋನು ಬಂದರೆ ಹೆದರುತ್ತಿದ್ದ ನಾನು ಈಗ ಬರಲಿ ದೇವರೇ ಎಂದು ಕಾದೆ. ಬಂದು, ಅವರು ಮತ್ತೆ 'ಆ ಜನ ಯಾರು' ಎಂದು ಕೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅನಾಮಿಕರ ಬರಹವೂ ನಿಂತಿತ್ತು. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತವಳನ್ನು ಕಂಡು ಅವ್ವ, "ಯಾರ್ ಮನಿ ಮುರದೀ?" ಎಂದಳು. ತಮಾಷೆಗೆ ಅಂದದ್ದು. ನಾನು ಉಣ್ಣದೆ ಎದ್ದೆ.

ನಾಲ್ಕನೆಯ ದಿನ ಅರ್ಧ ರಜೆ ಹಾಕಿ, ಮೂರೂವರೆಗೆ ಆ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಬೇರೆ ಯಾರೋ ಇದ್ದರು, ಧಣಿಗಳು ಇರಲಿಲ್ಲ. ಮೂಲೆಯ ಮೇಜಿನಲ್ಲಿ ಕಾಲು ಚಾಚಿ ಮೊಣಕಾಲು ನೀವಿಕೊಳ್ಳುತ್ತಿದ್ದವರನ್ನು ನೋಡಿದೊಡನೆ ಇವರೇ ಎಂದು ತಿಳಿಯಿತು. ನಾನು ಯಾರೆಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಗಡಬಡಿಸಿ ಎದ್ದು ನಿಂತರು.

"ಧಣಿಗೆ ಗೊತ್ತಾಗಿದೆ ಮೇಡಂ. ಮೊನ್ನೆ ಒಳಗೆ ಕರೆದ್ರು. ಕುರ್ಚಿಯಲ್ಲಿ ಕೂರಿಸಿ ಚಾ ಕೊಡಿಸಿದ್ರು. ಇಷ್ಟು ವರ್ಷದಲ್ಲಿ ಅವರೆದುರು ನಾನು ಕೂತದ್ದು ಅದೇ ಮೊದಲು."

"ಬೈದ್ರಾ?"

"ಇಲ್ಲ. ನೀನು ಚಂದ ಬರೀತೀಯ, ಇನ್ನು ನಮ್ಮ ಹೋಟೆಲಿನ ಬಗ್ಗೆ ಬರಿ, ಹೆಸರು ಹಾಕಿಯೇ ಬರಿ ಅಂದ್ರು. ಮೇಲಿನ ರೂಮು ರಿಪೇರಿಗೆ ಉಂಟು, ಯಾರನ್ನು ಇಟ್ಕೊಳ್ಳುದು, ಯಾರನ್ನು ಬಿಡುದು ಅಂತ ಆಮೇಲೆ ನೋಡುವ ಅಂದ್ರು."

ಈಗ ಹೇಳಬೇಕು, ತಪ್ಪು ನನ್ನದು ಎಂದು ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅವರೇ ಹೇಳಿದರು: "ನೀವು ಹೇಳಿದ್ದಲ್ಲ ಅಂತ ನನಗೆ ಗೊತ್ತುಂಟು. ದಿನಾ ಕೇಳಿದ್ರೂ ಮೇಡಂ ಬಾಯಿ ಬಿಡ್ಲಿಲ್ಲ ಅಂತ ಧಣಿಯೇ ಹೇಳಿದ್ರು. ನಿಮ್ಮದು ದೊಡ್ಡ ಉಪಕಾರ." ಗಲ್ಲಾದವನು ನಮ್ಮ ಕಡೆಗೇ ನೋಡುತ್ತಿದ್ದ. ಅವರು ಕೊಟ್ಟ ಚಹಾ ಕುಡಿದು, ಕದ್ದವಳ ಹಾಗೆ ಹೊರಬಂದೆ.

ಎರಡು ದಿನದ ಮೇಲೆ ಬರಹ ಬಂತು, ನಿಜವಾದ ಹೆಸರಿನಲ್ಲೇ. 'ಅನ್ನದಾತ ಧಣಿ' ಎಂದು ಶುರುವಾಗಿ ಅದರಲ್ಲೇ ಮುಗಿಯಿತು. ಮಧ್ಯೆ ಅವರದ್ದು ಅನ್ನುವ ಒಂದೇ ಒಂದು ವಾಕ್ಯ ಸಿಗಲಿಲ್ಲ. ಪ್ರಕಟಿಸಿದೆ. ಹಿರಿಯರೆಲ್ಲ ಸಾಲಾಗಿ ಬಂದು, ಈಗ ಬರವಣಿಗೆ ಹದಕ್ಕೆ ಬಂತು ಎಂದು ಬೆನ್ನು ತಟ್ಟಿದರು. ಅರ್ಧ ಗಂಟೆಯಲ್ಲಿ ಅನಾಮಿಕರಿಂದ ನನಗೊಂದು ಮೆಸೇಜು: "ಮೇಡಂ, ಹಳೆಯದನ್ನೆಲ್ಲ ದಯವಿಟ್ಟು ತೆಗೆದುಬಿಡಿ. ಧಣಿ ಪಕ್ಕದಲ್ಲೇ ಕೂತಿದ್ದಾರೆ."

ಒಟ್ಟು ಹದಿನೆಂಟು ಇದ್ದವು. ಒಂದೊಂದಕ್ಕೂ 'ಖಚಿತವೇ?' ಎಂದು ಕೇಳುತ್ತಿತ್ತು, ಹದಿನೆಂಟು ಸಲವೂ ಹೌದು ಅಂದೆ. ತೆಗೆಯುವ ಮೊದಲು ನನಗೆಂದು ಒಂದು ನಕಲು ಇಟ್ಟುಕೊಳ್ಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಹೆದರಿದೆ.