ಅಕ್ಕ ಕೊರೆದ ತೂತುಗಳು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆಯ ಉಸಿರಾಟದ ಯಂತ್ರಗಳೊಳಗೆ ಕೂರುವ ಹಿತ್ತಾಳೆಯ ತೆಳು ಬಿಲ್ಲೆಗಳಿಗೆ ಕೂದಲೆಳೆಯಷ್ಟು ಸಣ್ಣ ತೂತು ಕೊರೆಯುವುದು ಅವಳ ಕೆಲಸ. ಭೂತಗನ್ನಡಿಗೆ ಕಣ್ಣು ಹಚ್ಚಿ, ಉಸಿರು ಬಿಗಿಹಿಡಿದು, ಕೊರೆಯುವ ಸೂಜಿಯನ್ನು ಇಳಿಸುವಾಗ ಪಕ್ಕದಲ್ಲಿ ಯಾರಾದರೂ ಸೀನಿದರೆ ಮುಗಿಯಿತು, ದಿನವೆಲ್ಲ ಬೈಗುಳ.

ಅವಳು ಕೊರೆದದ್ದನ್ನು ಅಳೆಯುವವನು ಅವಳ ಒಡಹುಟ್ಟಿದ ತಮ್ಮ. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿ, ಓದಿಸಿ, ಅದೇ ಕಾರ್ಖಾನೆಗೆ ಸೇರಿಸಿದ್ದೂ ಅವಳೇ. ಮದುವೆಯ ಮಾತೆತ್ತಿದವರಿಗೆ "ಮೊದಲು ಇವನೊಂದು ದಡ ಸೇರಲಿ" ಅನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರೇ ಇರಲಿಲ್ಲ.

ಅವನದು ಕಿಟಕಿಯಿಲ್ಲದ ಕತ್ತಲೆ ಕೋಣೆ. ಅಷ್ಟು ಸಣ್ಣ ತೂತಿನೊಳಗೆ ಯಾವ ಅಳತೆಕಡ್ಡಿಯೂ ಹೋಗದು; ಬೆಳಕನ್ನೇ ಕಳಿಸಬೇಕು. ಲೇಸರ್‌ನ ಕೆಂಪು ಬೆಳಕು ತೂತು ದಾಟಿದೊಡನೆ ಹರಡಿಕೊಂಡು, ಎದುರಿನ ಬಿಳಿ ಹಲಗೆಯ ಮೇಲೆ ನಡುವೆ ಒಂದು ಬೊಟ್ಟಾಗಿ, ಅದರ ಸುತ್ತ ಕಪ್ಪು ಬಳೆ, ಕೆಂಪು ಬಳೆ ಅಂತ ಒಂದರ ಹೊರಗೊಂದು ಬೀಳುತ್ತಿತ್ತು. ತೂತು ಚಿಕ್ಕದಾದಷ್ಟೂ ಬಳೆ ದೊಡ್ಡದು. ಮೊದಲ ಕಪ್ಪು ಬಳೆಯ ಅಗಲವನ್ನು ಸ್ಕೇಲಿನಿಂದ ಅಳೆದು, ಹಲಗೆಯ ದೂರವನ್ನೂ ಸೇರಿಸಿ ಲೆಕ್ಕ ಹಾಕಿದರೆ ತೂತಿನ ಗಾತ್ರ ಸಿಕ್ಕಿಬಿಡುತ್ತಿತ್ತು. ಅಕ್ಕನ ಬಿಲ್ಲೆಗಳ ಬಳೆಗಳು ಎಷ್ಟು ದುಂಡಗಿರುತ್ತಿದ್ದವೆಂದರೆ, "ನಿನ್ನ ಕೆಲಸ ನೋಡ್ತಾ ನಂಗೆ ನಿದ್ದೆ ಬರುತ್ತೆ ಕಣೇ" ಅಂತ ಅವನು ತಮಾಷೆ ಮಾಡುತ್ತಿದ್ದ.

ಒಂದು ಚಳಿಗಾಲ ಆ ಬಳೆಗಳು ಯಾರೋ ಒಂದು ಕಡೆಗೆ ಎಳೆದ ಹಾಗೆ ಮೊಟ್ಟೆಯಾಕಾರಕ್ಕೆ ಬಂದವು. ತೂತು ದುಂಡಗಿಲ್ಲ ಎಂದರ್ಥ. ಮೊದಲು ಒಂದೆರಡು, ಆಮೇಲೆ ಡಬ್ಬಿಯಲ್ಲಿ ಅರ್ಧಕ್ಕರ್ಧ. ಅವನು ಲೇಸರ್ ದೀಪ ಒರೆಸಿದ, ಬಿಲ್ಲೆ ಕೂರಿಸುವ ಚೌಕಟ್ಟನ್ನು ಬಿಗಿ ಮಾಡಿದ. ಏನೂ ಬದಲಾಗಲಿಲ್ಲ. ಯಾರೋ ರೋಗಿಯ ಉಸಿರಿನ ವಿಷಯ, ಕಣ್ಣುಮುಚ್ಚಿ ದಾಟಿಸುವಂತಿಲ್ಲ. ಅಕ್ಕನಿಗೆ ಹೇಳಲು ಬಾಯೂ ಬರಲಿಲ್ಲ. ಕೆಟ್ಟವನ್ನು ತೆಗೆದು ಮೂಲೆಯಲ್ಲಿಡುತ್ತಾ ಹೋದ.

ಕೊನೆಗೆ ಅವಳೇ ಬಾಗಿಲು ತಳ್ಳಿಕೊಂಡು ಬಂದಳು.

"ಏನೋ, ನನ್ನ ಬಿಲ್ಲೆಗಳನ್ನೆಲ್ಲ ಮೂಲೆಗೆ ಹಾಕ್ತಿದೀಯಂತೆ? ಪ್ಯಾಕಿಂಗ್‌ನವರು ಹೇಳಿದ್ರು."

"ದುಂಡಗೆ ಬರ್ತಿಲ್ಲ ಅಕ್ಕ."

"ನಿನ್ನ ದೀಪ ಕೆಟ್ಟಿರಬೇಕು. ನಂಗೇ ಕಲಿಸೋಕೆ ಬರಬೇಡ, ಮೂಗು ಒರೆಸಿ ಬೆಳೆಸಿದೀನಿ ನಿನ್ನ."

ಅವನು ಹಳೆಯ ದಾಸ್ತಾನಿನಿಂದ ಅವಳೇ ಕೊರೆದಿದ್ದ ಬಿಲ್ಲೆಯೊಂದನ್ನು ಬೆಳಕಿಗಿಟ್ಟ. ಬಳೆಗಳು ದುಂಡಗೆ ಮೂಡಿದವು. ಅದನ್ನು ತೆಗೆದು ಆ ದಿನದ್ದನ್ನು ಇಟ್ಟ. ಅವಳು ಹಲಗೆಯ ಹತ್ತಿರ ಹೋಗಿ ನೋಡಿದಳು. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳ ಮೇಲೆ ಏನನ್ನೋ ಹೊಸೆಯುತ್ತಿರುವಂತೆ ಅಲುಗುತ್ತಲೇ ಇತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡಳು.

"ಯಾವಾಗಿಂದ?" ತಮ್ಮ ಕೇಳಿದ.

"ಬೇಸಿಗೆಯಿಂದ. ಚಹಾ ಜಾಸ್ತಿ ಕುಡೀತೀನಲ್ಲ, ಅದಕ್ಕೇ ಅಂದ್ಕೊಂಡಿದ್ದೆ." ಹಲಗೆಯಿಂದ ಈಚೆ ತಿರುಗಿ, "ಬೇರೆಯವರು ಹೇಳೋಕೆ ಮುಂಚೆ ನೀನೇ ಮೇಸ್ತ್ರಿಗೆ ಹೇಳು" ಅಂದಳು.

ನರರೋಗದ ವೈದ್ಯರು ಅವಳನ್ನು ನಡೆಸಿ ನೋಡಿದರು, ಬೆರಳು ಮಡಚಿ ಬಿಡಿಸಲು ಹೇಳಿದರು. ಪಾರ್ಕಿನ್ಸನ್ ಕಾಯಿಲೆ. ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ.

"ಕೊರೆಯೋ ಕೆಲಸ?" ಅಂತ ಅವಳು ಕೇಳಿದಳು.

"ಅದನ್ನ ಬಿಟ್ಟುಬಿಡಿ, ಅಮ್ಮ."

ಮೇಸ್ತ್ರಿ ಒಳ್ಳೆಯವನು, ಪ್ಯಾಕಿಂಗಿಗೆ ಹಾಕಿದ. ಅಲ್ಲಿ ಬಿಲ್ಲೆಗಳು ಅವಳ ಕೈಜಾರಿ ಬೀಳುತ್ತಿದ್ದವು. ಜೊತೆಯ ಹೆಂಗಸರು ಏನೂ ಆಗಿಲ್ಲವೆಂಬಂತೆ ಆರಿಸಿಕೊಡುತ್ತಿದ್ದರು. ಆ ಕನಿಕರ ಅವಳಿಗೆ ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಏಪ್ರನ್ ಮಡಚಿಟ್ಟು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ.

ಆಮೇಲೆ ವರ್ಷಗಟ್ಟಲೆ ತಮ್ಮನೇ ಅವಳ ಸ್ವೆಟರಿನ ಗುಂಡಿ ಹಾಕಿದ, ತಲೆ ಬಾಚಿದ, ಚಮಚದಲ್ಲಿ ಉಣಿಸಿದ. "ಜಡೆ ಸೊಟ್ಟಗಿದೆ, ರಿಜೆಕ್ಟ್ ಮಾಲು" ಅಂತ ಅವಳು ಗೊಣಗಿದರೆ ಇಬ್ಬರೂ ನಗುತ್ತಿದ್ದರು. ಬರಬರುತ್ತಾ ದನಿ ಇಳಿದುಹೋಗಿ, ಅವಳ ಬಾಯಿಗೆ ಕಿವಿ ಹಚ್ಚಿ ಕೇಳಬೇಕಾಯಿತು. ಒಮ್ಮೆ ಹಾಗೆ ಬಾಗಿದಾಗ ಅವಳು ಅಂದಳು:

"ಅವತ್ತು ನೀನೂ ದೀಪವೇ ಕೆಟ್ಟಿದೆ ಅಂದಿದ್ರೆ ನಾನು ನಂಬ್ತಿದ್ದೆ ಕಣೋ."

ದೂರೋ ಮೆಚ್ಚುಗೆಯೋ ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ, ಅವಳ ಹಣೆಯ ಮೇಲಿನ ಕೂದಲು ಸರಿಸಿದ.

ಎದೆಯಲ್ಲಿ ಕಫ ಕಟ್ಟಿ ಅವಳು ತೀರಿಕೊಂಡಳು. ಅಷ್ಟರಲ್ಲಿ ಕಾರ್ಖಾನೆಗೆ ಕೊರೆಯುವ ಯಂತ್ರ ಬಂದಿತ್ತು. ತಮ್ಮ ಈಗಲೂ ಅಳೆಯುವ ಕೆಲಸದಲ್ಲೇ ಇದ್ದಾನೆ. ಸಂಜೆ ಮನೆಗೆ ಬಂದರೆ ತೊಳೆಯಲು ಇರುವುದು ಒಂದೇ ತಟ್ಟೆ. ಅದನ್ನೂ ಎಷ್ಟೋ ಸಲ ಹಾಗೇ ಬಿಟ್ಟು ಮಲಗಿಬಿಡುತ್ತಾನೆ.