ಅತ್ತಿಗೆಯ ಎಡಗಾಲಿನ ಶೂ

ನನ್ನ ಗಂಡ ಶೂ ಹೊಲಿಯುವವರು. ಕೈಯಲ್ಲಿ ಒಳ್ಳೆಯ ಕಸುಬಿದೆ, ತಲೆಯಲ್ಲಿ ಸದಾ ಏನಾದರೊಂದು ಹೊಸ ಯೋಚನೆ ಕುಣಿಯುತ್ತಿರುತ್ತದೆ. ಅದಕ್ಕೆ ಯಾರಾದರೂ ‘ಆದರೆ’ ಅಂದರೋ, ಮುಗಿಯಿತು. ಮುಖ ಊದಿಸಿಕೊಂಡು ಮೂರು ದಿನ ಮಾತು ಬಿಡುತ್ತಾರೆ. ಮದುವೆಯಾದ ಎರಡನೇ ವರ್ಷಕ್ಕೇ ನಾನು ‘ಚೆನ್ನಾಗಿದೆ ಕಣ್ರೀ’ ಅನ್ನುವುದನ್ನು ರೂಢಿ ಮಾಡಿಕೊಂಡೆ.

ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಶಾಲೆಯಲ್ಲಿ ಟೀಚರ್. ಎಡಗಾಲು ಎರಡು ಬೆರಳಷ್ಟು ಗಿಡ್ಡ. ಆ ಕಾಲಿನ ಶೂಗೆ ದಪ್ಪ ಅಟ್ಟೆ ಹಾಕಿಸಿಕೊಂಡು ನಡೆಯುತ್ತಿದ್ದರು. ಮಕ್ಕಳು ಬೆನ್ನ ಹಿಂದೆ ‘ಇಟ್ಟಿಗೆ ಮಿಸ್ಸು’ ಅನ್ನುತ್ತಿದ್ದರು. ಅವರ ನಿವೃತ್ತಿಗೆ ಎರಡು ವಾರವಿರುವಾಗ ನಮ್ಮವರು ಊಟದ ತಟ್ಟೆ ಬಿಟ್ಟು ಎದ್ದರು.

“ದಪ್ಪಾನೆಲ್ಲ ಒಳಗೇ ಮುಚ್ಚಿಟ್ರೆ? ಹೊರಗಿಂದ ಎರಡೂ ಶೂ ಒಂದೇ ಥರ ಕಾಣುತ್ತೆ ಕಣೆ!”

ಕಾರ್ಕ್ ಬೆಂಡು ಕೆತ್ತಿ ಒಳಗೆ ಕೂರಿಸಿ, ಶೂ ಹೊಲಿದು, ನನ್ನ ಕೈಗಿಟ್ಟರು. ಒಳಗೆ ಬೆರಳು ಹಾಕಿದೆ. ಹಿಮ್ಮಡಿ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ.

“ಅತ್ತಿಗೆ ಒಂದ್ಸಲ ಹಾಕ್ಕೊಂಡು ನಡೆದು ನೋಡ್ಲಿ,” ಅಂದೆ.

“ಬೀಳ್ಕೊಡುಗೆ ದಿನಾನೇ ಕೊಟ್ಟು ಬೆರಗಾಗಿಸ್ಬೇಕು ಅಂತಿದೀನಿ. ತಣ್ಣೀರೆರಚೋದೇ ನಿನ್ನ ಕೆಲಸ.”

“ಚೆನ್ನಾಗಿದೆ ಕಣ್ರೀ,” ಅಂದುಬಿಟ್ಟೆ.

ಬೀಳ್ಕೊಡುಗೆಯ ದಿನ ಅತ್ತಿಗೆ ಆ ಶೂ ಹಾಕಿಕೊಂಡು ವೇದಿಕೆ ಹತ್ತಿದರು, ಇಳಿದರು, ಎಲ್ಲರ ಜೊತೆ ನಗುನಗುತ್ತಾ ಫೋಟೊ ತೆಗೆಸಿಕೊಂಡರು. ಮೂರು ಗಂಟೆ ಕೂರಲೇ ಇಲ್ಲ. ನಮ್ಮವರು ಸಿಕ್ಕಸಿಕ್ಕವರಿಗೆಲ್ಲ ಆ ಕಾಲು ತೋರಿಸಿ ಉಬ್ಬಿಹೋಗಿದ್ದರು.

ಮನೆಗೆ ಬಂದು ಬಿಚ್ಚಿದರೆ ಕಾಲುಚೀಲ ಅಂಟಿಕೊಂಡು ಬರಲೊಲ್ಲದು. ಬಿಸಿನೀರಲ್ಲಿ ನೆನೆಸಿ ತೆಗೆದೆ. ಹಿಮ್ಮಡಿಯ ಚರ್ಮ ಕಿತ್ತುಬಂದಿತ್ತು, ನೀರೆಲ್ಲ ಕೆಂಪಾಯಿತು.

“ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?” ಅಂದರು ಇವರು.

“ಹೇಗೆ ಹೇಳ್ಲೋ? ನಿನ್ನ ಮುಖ ಬಾಡೋದು ನೋಡೋದಕ್ಕಿಂತ ಇದೇ ವಾಸಿ ಅನ್ನಿಸ್ತು.”

ಇವರು ಗೋಡೆಗೆ ಮುಖ ಮಾಡಿ ಕೂತರು. ಬಯ್ಯೋಣವೆಂದು ಬಾಯಿ ತೆರೆದವಳು ಬಗ್ಗಿ ಅತ್ತಿಗೆಯ ಕಾಲು ಒರೆಸತೊಡಗಿದೆ. ನನ್ನ ಬೆರಳಿಗೆ ಮೊದಲೇ ಗೊತ್ತಿತ್ತಲ್ಲ! ಮೂರು ದಿನದ ಮೌನಕ್ಕೆ ಹೆದರಿ ಅತ್ತಿಗೆಯ ಕಾಲನ್ನು ಬಲಿ ಕೊಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗಾಯ ಮಾಗಿದ ಮೇಲೆ ಇವರು ಇನ್ನೊಂದು ಶೂ ಮಾಡಿದರು. ಅರ್ಧ ದಪ್ಪ ಒಳಗೆ, ಅರ್ಧ ಅಟ್ಟೆಯಲ್ಲಿ. ಈ ಸಲ ಮೊದಲು ನನ್ನ ಮುಂದೆ ಹಿಡಿದು, “ಎಲ್ಲಿ ತಪ್ಪಿದೆ ಹೇಳು,” ಅಂದರು. ಹೇಳಿದೆ. ಮುಖ ಊದಿತು, ಆದರೂ ಬಿಚ್ಚಿ ಹೊಲಿದರು.

ಅತ್ತಿಗೆ ಅದನ್ನು ಹಾಕಿಕೊಂಡು ಹಜಾರದಲ್ಲಿ ನಾಲ್ಕು ಸುತ್ತು ನಡೆದರು. ನೆಲದಲ್ಲಿ ಕೂತಿದ್ದ ತಮ್ಮನ ಮುಖವನ್ನೊಮ್ಮೆ ನೋಡಿದರು.

“ಚೆನ್ನಾಗಿದೆ ಕಣೋ. ಎಲ್ಲೂ ನೋವಿಲ್ಲ.”

ಇವರು ನಂಬಲಿಲ್ಲ. ಶೂ ಬಿಚ್ಚಿ, ಕಾಲುಚೀಲ ಜಾರಿಸಿ, ಹಿಮ್ಮಡಿಯನ್ನು ತಾವೇ ತಿರುಗಿಸಿ ನೋಡಿದರು. ನಾಲ್ಕೇ ಸುತ್ತಿಗೆ ಕೆಂಪಗಾಗಿತ್ತು.